ಎರಡನೇ ಸಲ ಹೋದ ಮನೆ

ಹೋದ ತಿಂಗಳು ಬಾದಾಮಿಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಮೂಗಿಗೆ ಬಡಿಯಿತು. ನನ್ನ ಸಲುವಾಗಿ ಅವ್ವ ಶಿರಾ ಮಾಡುವ ಕಾಲ ಎಂದೋ ಮುಗಿದಿದೆ. ಬಾಗಲಕೋಟೆಯಿಂದ ವಾರಕ್ಕೊಮ್ಮೆ ಬರುವ ಮಗಳಿಗೆ ರೊಟ್ಟಿ, ಪಲ್ಯ, ಬಹಳವಾದರೆ ಒಂದು ಮುದ್ದೆ ಬೆಣ್ಣೆ. ಹಾಗಾಗಿ ಅಡುಗೆಮನೆಗೆ ಇಣುಕಿ, ಯಾರು ಬರುವವರಿದ್ದಾರೆ ಎಂದು ಕೇಳಿದೆ.

"ತಿಂಗಳ ಹಿಂದ ಬಂದಿದ್ರಲ್ಲ, ಅವರs ಮತ್ತ ಬರಾಕತ್ತಾರ. ಎರಡನೇ ಸಲ ಬರೋರಿಗೆ ಬರೇ ಚಾ ಕೊಟ್ಟು ಕಳಸಾಕ ಆಗತೈತೇನು?" ಅವ್ವ ಕಡಾಯಿಯಿಂದ ಕಣ್ಣು ತೆಗೆಯದೆ ಹೇಳಿದಳು.

ಅವರು ಬಂದಾಗ ನಾನು ಊರಿನಲ್ಲಿರಲಿಲ್ಲ. ನನಗೇ ಯಾರನ್ನಾದರೂ ಗೊತ್ತು ಮಾಡುತ್ತಿದ್ದಾರೋ ಏನೋ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಹೆಸರು ಕೇಳಿದ ಮೇಲೆ ಬಾಗಿಲಿಗೆ ಒರಗಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಹೆಸರನ್ನು ಆಮೇಲೆ ಹೇಳುತ್ತೇನೆ. ಮೊದಲು, ಇದೇ ವಾಸನೆ ಇಳಕಲ್ಲಿನ ಒಂದು ಮನೆಯ ಹೊಸ್ತಿಲಲ್ಲಿ ನನ್ನನ್ನು ಎದುರುಗೊಂಡ ಒಂದು ಮಳೆಗಾಲದ ಬಗ್ಗೆ ಹೇಳಬೇಕು.

ಆಗ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ವಿಷಯ, ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ. ಮನುಷ್ಯ ಬಸಿರಿನಿಂದ ಹಿಡಿದು ಮುಪ್ಪಿನವರೆಗೆ ಹೇಗೆ ಬೆಳೆಯುತ್ತಾನೆ, ಮನೆ ಎಂಬುದು ಅವನನ್ನು ಹೇಗೆ ಬೆಳೆಸುತ್ತದೆ, ಕೆಲವೊಮ್ಮೆ ಹೇಗೆ ಬೆಳೆಯಗೊಡುವುದಿಲ್ಲ ಎಂಬುದನ್ನೆಲ್ಲ ಓದುವ ಶಾಸ್ತ್ರ. ನಮ್ಮ ವಿಭಾಗಕ್ಕೆ ಅಂಟಿಕೊಂಡೇ ಒಂದು ಶಿಶುವಿಹಾರವಿತ್ತು. ಮಕ್ಕಳು ಉಸುಕಿನಲ್ಲಿ ಆಡುತ್ತಿದ್ದರೆ ನಾವು ಮೂಲೆಯಲ್ಲಿ ಕೂತು, ಯಾರು ಯಾರ ಬಕೆಟ್ಟು ಕಸಿದುಕೊಂಡರು ಎಂದು ಬರೆದುಕೊಳ್ಳಬೇಕು. ಮೊದಲ ವರ್ಷ ಕಲಿತದ್ದನ್ನೆಲ್ಲ ನಾನು ಫೋನಿನಲ್ಲಿ ಅವ್ವನ ಮೇಲೆ ಪ್ರಯೋಗಿಸುತ್ತಿದ್ದೆ. ನಮ್ಮನ್ನು ಯಾವ ಪದ್ಧತಿಯಲ್ಲಿ ಬೆಳೆಸಿದೆ ಎಂದು ಒಮ್ಮೆ ಕೇಳಿದಾಗ, "ಪುರಸೊತ್ತ ಸಿಕ್ಕಾಗ ಬೆಳಸಿದ್ನಿ" ಎಂದಿದ್ದಳು. ಅದನ್ನು ನಾನು ತರಗತಿಯಲ್ಲಿ ಹೇಳಿದೆ, ಎಲ್ಲರೂ ನಕ್ಕರು. ನಮ್ಮ ಮೇಡಂ ಮಾತ್ರ, ಇಷ್ಟು ಪ್ರಾಮಾಣಿಕ ಉತ್ತರ ತಮಗೆ ಯಾವ ಸಮೀಕ್ಷೆಯಲ್ಲೂ ಸಿಕ್ಕಿಲ್ಲ ಎಂದರು.

ನಮ್ಮಣ್ಣ ಮಾಳಪ್ಪನಿಗೆ ಕೆರೂರಿನ ಪಶು ದವಾಖಾನೆಯಲ್ಲಿ ನೌಕರಿ. ಅವನಿಗೆ ನನ್ನ ಓದು ದೊಡ್ಡ ತಮಾಷೆ. "ನಾ ದನಾ ನೋಡ್ತೇನಿ, ನೀ ಮಂದೀನ ನೋಡ್ತಿ. ನನ್ನ ಪೇಶಂಟು ಸುಳ್ಳ ಹೇಳೂದಿಲ್ಲ ನೋಡು, ಅಷ್ಟs ಫರಕು" ಎನ್ನುತ್ತಿದ್ದ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಾದಾಮಿಯಿಂದ ಗುಳೇದಗುಡ್ಡ, ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಹೋಗಿಬರುವ ರೂಟು ವರ್ಷಗಟ್ಟಲೆ ಅವನದೇ ಆಗಿತ್ತು. ಕುರಿ ಕಾಯುತ್ತಿದ್ದ ನಮ್ಮಜ್ಜನ ಮನೆಯಲ್ಲಿ ಸಾಲಿ ಕಲಿತು ನೌಕರಿ ಹಿಡಿದ ಮೊದಲನೆಯವನು. ಮಗಳು ಏನು ಓದುತ್ತಾಳೆ ಎಂದು ಪ್ರಯಾಣಿಕರು ಕೇಳಿದರೆ ಅವನಿಗೆ ಆ ಉದ್ದನೆಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. "ಮಕ್ಕಳ ಡಾಕ್ಟರಕಿಂತ ಸ್ವಲ್ಪ ಕಮ್ಮಿ" ಎಂದುಬಿಡುತ್ತಿದ್ದ. ನಾನು ರಜೆಗೆ ಬಂದಾಗ ಅವನ ಬಸ್ಸು ಹತ್ತಿದರೆ ಸಾಕು, ಯಾರಾದರೊಬ್ಬರು ಕೂಸಿನ ಕೆಮ್ಮಿಗೆ ಗುಳಿಗೆ ಕೇಳುತ್ತಿದ್ದರು. ನಾನು ಮುಖ ಸಣ್ಣದು ಮಾಡಿಕೊಂಡು, ಬಿಸಿನೀರು ಕುಡಿಸಿ ಎಂದು ಹೇಳಿ ಇಳಿದುಹೋಗುತ್ತಿದ್ದೆ. ಖರೆ ಹೇಳಬೇಕೆಂದರೆ ನನಗೆ ಅದರಿಂದ ನೋವಾಗುತ್ತಿತ್ತು. ನನ್ನ ಓದಿನ ಹೆಸರನ್ನು ಅಪ್ಪ ಒಮ್ಮೆಯಾದರೂ ಬಾಯಿತುಂಬ ಹೇಳಲಿ ಎಂದು ಆಸೆಯಿತ್ತು.

ಎರಡನೇ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ, ಹದಿಹರೆಯದ ಹೆಣ್ಣುಮಕ್ಕಳ ಬಗ್ಗೆ ಮನೆಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ ಎಂಬುದು. ಅವಳ ಓದು, ಅವಳ ಬಟ್ಟೆ, ಅವಳ ಓಡಾಟ, ಅವಳ ಮದುವೆ, ಇವುಗಳಲ್ಲಿ ಅವಳ ಮಾತೆಷ್ಟು, ಉಳಿದವರ ಮಾತೆಷ್ಟು? ನಮ್ಮ ಮೇಡಂ ತಲೆತಲಾಂತರದಿಂದ ಓದು ಬರಹ ಇದ್ದ ಮನೆತನದವರು, ಮಾತು ಮೆದು, ನಿಯಮ ಬಿಗಿ. ಅವರ ನಿಯಮ ಎರಡೇ. ಒಂದು, ಅಪರಿಚಿತರ ಮನೆಗೆ ಒಬ್ಬಳೇ ಹೋಗಬಾರದು, ಜೊತೆಗೆ ಆ ಊರು ಬಲ್ಲ ಹಿರಿಯ ಹೆಣ್ಣುಮಗಳೊಬ್ಬಳು ಇರಬೇಕು. ಇನ್ನೊಂದು, ಪ್ರತಿ ಮನೆಗೂ ಎರಡು ಸಲ ಹೋಗಬೇಕು, ನಡುವೆ ಕೆಲವು ವಾರ ಬಿಟ್ಟು.

"ಮೊದಲನೇ ಸಲ ಹೋದಾಗ ಮನಿ ತನ್ನ ಫೋಟೋ ತೋರಸ್ತದ. ಎರಡನೇ ಸಲ ಹೋದಾಗ ಮನಿ ಕಾಣಸ್ತದ" ಎಂದಿದ್ದರು. ಎಷ್ಟು ಚೆಂದದ ಮಾತು ಎಂದು ನಾನು ತಲೆದೂಗಿದ್ದೆ. ಈ ಎರಡೂ ನಿಯಮಗಳನ್ನು ಒಟ್ಟಿಗೆ ಹಿಡಿದುಕೊಂಡು ಹುನಗುಂದ, ಇಳಕಲ್ ಕಡೆ ಹೊರಟರೆ ಏನಾಗುತ್ತದೆ ಎಂಬುದು ಮೇಡಂಗೂ ಹೊಳೆದಿರಲಿಲ್ಲ, ಅದೇ ಸೀಮೆಯಲ್ಲಿ ಹುಟ್ಟಿದ ನನಗೂ ಹೊಳೆಯಲಿಲ್ಲ.

ಹುನಗುಂದದಲ್ಲಿ ನಮ್ಮ ಸೋದರತ್ತೆ ನೀಲವ್ವನ ಮನೆಯಿತ್ತು. ಅಪ್ಪನ ತಂಗಿ. ಆ ತಾಲೂಕಿನಲ್ಲಿ ಅವಳಿಗೆ ಪರಿಚಯವಿಲ್ಲದ ಓಣಿ ಇಲ್ಲ, ಅವಳನ್ನು ಕಂಡು ಮಾತಾಡಿಸದೆ ಮುಂದೆ ಹೋದವರೂ ಇಲ್ಲ. ಜೊತೆಗೆ ಬರುತ್ತೀಯಾ ಎಂದು ಕೇಳುವುದೇ ತಡ, ಪೆಟ್ಟಿಗೆಯಿಂದ ಒಳ್ಳೆಯ ಸೀರೆಗಳನ್ನು ತೆಗೆದಿಟ್ಟಳು. ಇಷ್ಟು ಉತ್ಸಾಹ ಯಾಕೆಂದು ನಾನು ಅಂದೇ ವಿಚಾರ ಮಾಡಬೇಕಿತ್ತು.

ಆಷಾಢದ ಗಾಳಿ ಶುರುವಾಗಿತ್ತು. ನಮ್ಮ ಕಡೆ ಆ ತಿಂಗಳಲ್ಲಿ ಮಳೆ ಕಡಿಮೆ, ಗಾಳಿಯೇ ಹೆಚ್ಚು. ನಾಲ್ಕು ಹನಿ ಉದುರಿಸಿ ಮೋಡ ಓಡಿಹೋಗುತ್ತದೆ, ಕೊಡೆ ಬಿಚ್ಚಿದರೆ ಕಡ್ಡಿಗಳು ಮೇಲಕ್ಕೆ ತಿರುಗಿ ನಿಲ್ಲುತ್ತವೆ. ನಾವಿಬ್ಬರೂ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಇಳಕಲ್ ಬಸ್ಸು ಹತ್ತುತ್ತಿದ್ದೆವು. ಓಣಿ ಹೊಕ್ಕರೆ ಮಗ್ಗಗಳ ಸಪ್ಪಳ, ಕಟ್ಟೆಯ ಮೇಲೆ ಕೆಂಪು ನೂಲು ಬಿಸಿಲಿಗೆ ಹಾಕಿದ ಗಳಗಳು, ಗಾಳಿಗೆ ಅವು ಹಾರಿಹೋಗದಂತೆ ಕಾಯುತ್ತ ಕೂತ ಮುದುಕಿಯರು. ಯಾವ ಮನೆಯಲ್ಲೂ ಇಲ್ಲವೆನ್ನಲಿಲ್ಲ. ಚಾಪೆ ಹಾಸಿ, ಚಹಾ ಕೊಟ್ಟು, "ಕೇಳವ್ವಾ, ಏನ ಕೇಳ್ತಿ" ಎಂದು ಕೂತರು.

ನಾನು ಕೇಳುತ್ತಿದ್ದ ಪ್ರಶ್ನೆಗಳನ್ನು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳೆಷ್ಟು? ದೊಡ್ಡವಳಿಗೆ ವಯಸ್ಸೆಷ್ಟು? ಏನು ಓದಿದ್ದಾಳೆ? ಮುಂದೆ ಓದಿಸುವ ವಿಚಾರವಿದೆಯೇ? ಮನೆಗೆಲಸ ಬರುತ್ತದೆಯೇ? ಸಿಟ್ಟು ಬಂದರೆ ಏನು ಮಾಡುತ್ತಾಳೆ? ಮದುವೆಯ ಮಾತು ಬಂದರೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ? ಪಕ್ಕದಲ್ಲಿ ರೇಷ್ಮೆ ಅಂಚಿನ ಸೀರೆಯುಟ್ಟ ನೀಲತ್ತೆ ಕಣ್ಣಲ್ಲೇ ಮನೆಯ ತೊಲೆ, ಬಾಗಿಲು, ಪಾತ್ರೆ ಎಲ್ಲವನ್ನೂ ನೋಡುತ್ತ ಕೂತಿರುತ್ತಿದ್ದಳು. ಬೇರೆ ಬೇರೆ ಜನರ ಮನೆಗಳಿಗೂ ನಾವು ಹೋದೆವು, ಅಲ್ಲೆಲ್ಲ ಇದು ಓದಿನ ಕೆಲಸವಾಗಿಯೇ ನಡೆಯಿತು. ನಮ್ಮ ಕುಲದೇವರು ಬೀರಪ್ಪನಿಗೆ ನಡೆದುಕೊಳ್ಳುವ ನಮ್ಮವರ ಮನೆಗಳಿಗೆ ಹೋದಾಗ ಮಾತ್ರ ಚಹಾದಲ್ಲಿ ಹಾಲು ಜಾಸ್ತಿ ಇರುತ್ತಿತ್ತು. ನಮ್ಮವರು ಎಂಬ ಪ್ರೀತಿ ಎಂದುಕೊಂಡೆ.

ಲಕ್ಕವ್ವಜ್ಜಿಯ ಮನೆಗೆ ಹೋದದ್ದು ಹಾಗೆಯೇ. ಹಣೆ ತುಂಬ ದೇವರ ಅರಿಸಿನದ ಭಂಡಾರ ಹಚ್ಚಿಕೊಂಡ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡ ಹೆಂಗಸು. ಮಗ ಹನಮಪ್ಪ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸ ಮಾಡುತ್ತಿದ್ದ, ರೆಪ್ಪೆಯ ಮೇಲೂ ಕೆಂಪು ಕಲ್ಲಿನ ಧೂಳು. ಹನಮಪ್ಪನ ಮಗಳು ಮಾಯವ್ವ ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಳು. ಈ ಮನೆಯಲ್ಲಿ ತೀರ್ಮಾನ ಯಾರದು ಎಂದು ಕೇಳಿದೆ. ಹನಮಪ್ಪ ಹೆಂಡತಿಯ ಕಡೆ ಬೆರಳು ಮಾಡಿದ. ಅವಳು ಅತ್ತೆಯ ಕಡೆ ಮಾಡಿದಳು. ಲಕ್ಕವ್ವಜ್ಜಿ ಗೋಡೆಯ ಮೇಲಿನ ಬೀರಪ್ಪನ ಪಟದ ಕಡೆ ಮಾಡಿದಳು. ಮಾಯವ್ವನ ಕಡೆ ಯಾರೂ ಮಾಡಲಿಲ್ಲ.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡುವುದೂ ನನ್ನ ಅಧ್ಯಯನದ ಭಾಗವಾಗಿತ್ತು. ಹಿತ್ತಲಲ್ಲಿ ಆಡುಗಳಿಗೆ ಸೊಪ್ಪು ಹಾಕುತ್ತ ಅವಳು, ನಾನು ಕೇಳುವ ಮೊದಲೇ ನನ್ನನ್ನು ಕೇಳಿದಳು.

"ಅಕ್ಕಾರ, ನೀವು ಓದೂದ ಏನ್ರಿ?"

ನಾನು ವಿವರಿಸಿದೆ.

"ಮಂದಿ ಮನ್ಯಾಗ ಕುಂತು ಮಾತಾಡಿದ್ರ ಡಿಗ್ರಿ ಕೊಡ್ತಾರೇನ್ರಿ? ಹಂಗಾದ್ರ ನಮ್ಮಜ್ಜಿಗೆ ಎಂದೋ ಕೊಡಬೇಕಿತ್ತು."

ನನಗೆ ಆ ಹುಡುಗಿ ಅಲ್ಲೇ ಹಿಡಿಸಿಬಿಟ್ಟಳು. ಆಮೇಲೆ ಅವಳು ತನ್ನ ವಿಷಯ ಹೇಳಿದಳು. ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದಬೇಕು ಎಂದು ಆಸೆ. ಆದರೆ ಅವಳ ತಾಯಿಯ ತಮ್ಮನಿಗೇ ಅವಳನ್ನು ಕೊಡುವ ಮಾತಿತ್ತು. ಪಂಚಮಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಗಟ್ಟಿ ಮಾಡುವುದೆಂದು ಆಗಿತ್ತು. ಕಾಲೇಜಿನ ಪ್ರವೇಶ ಮುಗಿಯುವುದೂ ಅದೇ ಹೊತ್ತಿಗೆ.

"ಮಾವ ಚೊಲೊ ಮನಷಾ ಅದಾನ್ರಿ. ಆದ್ರ ನಾ ಅವನ ಬೆನ್ನ ಮ್ಯಾಲೆ ಕುಂತು ಉಪ್ಪಿನ ಮೂಟಿ ಆಡಿದಾಕಿ. ಹೆಂಗ ಲಗ್ನ ಆಗ್ಲಿ?" ಎಂದಳು.

ಮನೆಯಲ್ಲಿ ಹೇಳಿದ್ದೀಯಾ ಎಂದು ಕೇಳಿದೆ. "ಯಾರೂ ಕೇಳಿಲ್ಲಲ್ರಿ" ಎಂದಳು. ಅವಳ ಉತ್ತರ ಬರೆದುಕೊಂಡು ಹೊರಗೆ ಬಂದಾಗ ನೀಲತ್ತೆ ಲಕ್ಕವ್ವಜ್ಜಿಗೆ ಮೊಬೈಲಿನಲ್ಲಿ ಏನೋ ತೋರಿಸುತ್ತಿದ್ದಳು. ನನ್ನನ್ನು ಕಂಡು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೆಲವು ವಾರ ಕಳೆದವು. ಧಾರವಾಡಕ್ಕೆ ಹೋಗಿ, ಮೇಡಂಗೆ ಮೊದಲ ಭೇಟಿಗಳನ್ನೆಲ್ಲ ಒಪ್ಪಿಸಿ, ಆಷಾಢ ಮುಗಿಯುವ ಹೊತ್ತಿಗೆ ಮತ್ತೆ ಬಂದೆ. ಎರಡನೇ ಭೇಟಿಯ ಮೊದಲ ಮನೆ ಲಕ್ಕವ್ವಜ್ಜಿಯದು. ಮಧ್ಯಾಹ್ನ ಬರುತ್ತೇವೆ ಎಂದು ನೀಲತ್ತೆಯೇ ಫೋನು ಮಾಡಿ ತಿಳಿಸಿದ್ದಳು.

ಹೊಸ್ತಿಲಲ್ಲೇ ಶಿರಾದ ವಾಸನೆ. ಒಳಗೆ ಓಣಿಯ ಹಿರಿಯರಿಬ್ಬರು ರುಮಾಲು ಸುತ್ತಿಕೊಂಡು ಕೂತಿದ್ದರು. ಹನಮಪ್ಪ ಆ ಹೊತ್ತಿನಲ್ಲಿ ಕೆಲಸದಲ್ಲಿರಬೇಕಾದವನು, ಧೂಳಿಲ್ಲದ ಮುಖ ಹೊತ್ತು ಬಿಳಿ ಅಂಗಿಯಲ್ಲಿ ನಿಂತಿದ್ದ. ಅಷ್ಟಾದರೂ ನನಗೆ ಹೊಳೆಯಲಿಲ್ಲ. ನೆಲ ನೋಡಿದಾಗ ಹೊಳೆಯಿತು. ಹೋದ ಸಲ ಚಾಪೆಯಿದ್ದ ಜಾಗದಲ್ಲಿ ಕರಿ ಕಂಬಳಿ ಹಾಸಿದ್ದರು, ಅದರ ಮೂಲೆಗೆ ಭಂಡಾರ. ನಮ್ಮಲ್ಲಿ ಕಂಬಳಿ ಬೀರಪ್ಪನ ಗದ್ದುಗೆಗೆ ಸಮ. ಭಂಡಾರವಿಟ್ಟು ಕಂಬಳಿ ಹಾಸಿದರೆ ಅದು ಕಾಲು ಚಾಚಿ ಕೂರಲಿಕ್ಕಲ್ಲ, ಅದರ ಮೇಲೆ ಕೂತು ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ. ಹೆಣ್ಣು ನೋಡಲು ಒಂದು ಸಲ ಯಾರು ಬೇಕಾದರೂ ಬರುತ್ತಾರೆ. ಹಿರಿಯ ಹೆಂಗಸನ್ನು ಕರೆದುಕೊಂಡು ಎರಡನೇ ಸಲ ಬಂದರೆ ಒಪ್ಪಿದಂತೆ. ಆಗ ಅಡುಗೆಮನೆಯ ಬಾಗಿಲಲ್ಲಿ ಕೆಂಪು ಸೆರಗಿನ ಇಳಕಲ್ ಸೀರೆಯುಟ್ಟ ಮಾಯವ್ವ ತಲೆ ತಗ್ಗಿಸಿ ಬಂದು ನಿಂತಳು.

ನೀಲತ್ತೆಯ ಕಿವಿಯಲ್ಲಿ, "ಅತ್ತಿ, ಏನಿದು?" ಎಂದೆ.

"ಮಾಳಪ್ಪಗ ಹೆಣ್ಣ ನೋಡಬೇಕೋ ಬ್ಯಾಡೋ?" ನೀಲತ್ತೆ ಸಮಾಧಾನವಾಗಿ ಹೇಳಿದಳು. "ನೀ ನಿನ್ನ ಕೆಲಸ ಮಾಡು, ನಾ ನನ್ನ ಕೆಲಸ ಮಾಡೇನಿ. ಇಬ್ಬರಿಗೂ ಪ್ರಶ್ನೆ ಒಂದs ಅಲ್ಲೇನು?"

ಮೊಬೈಲಿನಲ್ಲಿ ಅವಳು ತೋರಿಸುತ್ತಿದ್ದುದು ನಮ್ಮಣ್ಣನ ಫೋಟೋ. ಕರು ಹಿಡಿದುಕೊಂಡು ನಿಂತದ್ದು. ನಾವು ಹೋದ ನಮ್ಮವರ ಮನೆಗಳಲ್ಲೆಲ್ಲ ಆ ಕರುವಿನ ದರ್ಶನವಾಗಿತ್ತಂತೆ.

ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಮಾಯವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾರ, ನೀವು ಲಗ್ನದ ಸಲುವಾಗಿ ಬಂದಿಲ್ಲ ಅಂತ ನನಗ ಗೊತ್ತೈತ್ರಿ. ಆದ್ರ ಈಗ ಇಲ್ಲ ಅನಬ್ಯಾಡ್ರಿ. ಆಮ್ಯಾಲೆ ತಿಳಸ್ತೇವಿ ಅಂತ ಹೇಳಿ ಹೋಗ್ರಿ. ನೀವು ತಿಳಸೂತನಾ ಮಾವನ ಮಾತು ಯಾರೂ ಎತ್ತೂದಿಲ್ಲ. ನೀವು ಓದಿದ ಹುಡಿಗೀನ ಕೇಳ್ತೀರಿ ಅಂತ ಹೇಳಿ ಅಷ್ಟರಾಗ ಕಾಲೇಜ ಸೇರ್ಕೋತೇನಿ."

ಇಷ್ಟು ದೊಡ್ಡ ಯೋಜನೆಯನ್ನು ಅವಳು ಶಿರಾ ತಿರುವುತ್ತ ಹಾಕಿದ್ದಳು. ನನಗೆ ಆಸೆಯಾಯಿತು. ತಿಳಿಸುತ್ತೇವೆ ಎಂಬುದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಆಡಲು ಬಹಳ ಹಗುರ. ಆದರೆ ಕಂಬಳಿಯ ಮೇಲೆ ಕೂತು ತಿಳಿಸುತ್ತೇವೆ ಎಂದು ಹೋದವರು ಆಮೇಲೆ ಬೇಡ ಎಂದರೆ, ಎರಡು ಸಲ ಬಂದು ಉಂಡು ಹೋದವರು ಹುಡುಗಿಯಲ್ಲಿ ಏನು ಐಬು ಕಂಡರು ಎಂದು ಓಣಿ ಕೇಳುತ್ತದೆ. ಆಗ ಅವಳನ್ನು ಪಂಚಮಿಯ ತನಕವೂ ಕಾಯದೆ ಮಾವನಿಗೆ ಕಟ್ಟುತ್ತಾರೆ, ಮುಂದೆ ಎಂದೂ ಅವಳ ಮಾತು ನಂಬುವುದಿಲ್ಲ. ಇದನ್ನೇ ಹೇಳಿದೆ. ಅವಳು ಕೈ ಬಿಟ್ಟಳು. ಕಣ್ಣು ತುಂಬಿದವು, ಆದರೆ ಅಳಲಿಲ್ಲ.

"ಹಂಗಾದ್ರ ಹೇಳ್ರಿ" ಎಂದಳು. "ಆದ್ರ ನನ್ನ ಮಾತೂ ಹೇಳ್ರಿ."

ಹೊರಗೆ ಬಂದಾಗ ನನ್ನ ಕೈಗೆ ಶಿರಾದ ತಾಟು ಬಂತು. ಅದು ಬಾಯಿಗೆ ಹೋದರೆ ಮಾತು ಮುಗಿದಂತೆ. ತಾಟನ್ನು ಪಕ್ಕಕ್ಕಿಟ್ಟು, ಕಂಬಳಿ ಬಿಟ್ಟು, ಲಕ್ಕವ್ವಜ್ಜಿಯ ಎದುರು ಬರಿ ನೆಲದ ಮೇಲೆ ಕೂತೆ. ನಾನು ವಿದ್ಯಾರ್ಥಿನಿ, ಓದಿನ ಸಲುವಾಗಿ ಎರಡು ಸಲ ಬರಬೇಕಾಗಿತ್ತು, ಅಣ್ಣನಿಗೆ ಈ ವಿಷಯವೇ ಗೊತ್ತಿಲ್ಲ, ತಪ್ಪು ತಿಳಿಯುವಂತಾದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ಮಾಯವ್ವನಿಗೆ ಓದುವ ಆಸೆಯಿದೆ, ಮಾವನನ್ನು ಮದುವೆಯಾಗುವ ಮನಸ್ಸಿಲ್ಲ, ಅವಳನ್ನು ಯಾರೂ ಕೇಳಿಲ್ಲ ಎಂದೂ ಹೇಳಿದೆ. ನೀಲತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಲಕ್ಕವ್ವಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಅಂದ್ರ ನೀ ಹೆಣ್ಣ ನೋಡಾಕ ಬಂದಿಲ್ಲ."

"ಇಲ್ಲಬೇ."

"ವಯಸ್ಸ ಕೇಳ್ದಿ, ಅಡಗಿ ಬರತೈತೇನು ಅಂದಿ, ಸಿಟ್ಟ ಬಂದ್ರ ಏನ ಮಾಡ್ತಾಳ ಅಂದಿ. ಇದನ್ನೆಲ್ಲಾ ಸಾಲ್ಯಾಗ ಕಲಸ್ತಾರೇನು?"

"ಹೌದಬೇ."

ಹಿರಿಯರಲ್ಲೊಬ್ಬರು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಆಮೇಲೆ ಗೊತ್ತಾಯಿತು. ಅಜ್ಜಿ ನಗಲಿಲ್ಲ.

"ಇಷ್ಟ ದಿನ ನೀ ಕೇಳ್ದಿ. ಈಗ ನಾ ಕೇಳ್ತೇನಿ. ನಿನಗ ವಯಸ್ಸೆಷ್ಟು?"

ಇಪ್ಪತ್ಮೂರು ಎಂದೆ.

"ಲಗ್ನ?"

ಆಗಿಲ್ಲ ಎಂದೆ. ಎಲ್ಲಿರುತ್ತಿ, ಯಾರ ಜೊತೆ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ನನ್ನದೇ ಪ್ರಶ್ನೆಗಳನ್ನು ಒಂದೂ ಬಿಡದೆ ನನಗೆ ತಿರುಗಿಸಿದಳು. ಕಡೆಗೆ, "ನಿನ್ನ ವಿಷಯದಾಗ ತೀರ್ಮಾನ ಯಾರದು?" ಎಂದಳು.

"ಅಪ್ಪಂದು" ಎಂದೆ. ಆಮೇಲೆ, "ನಂದೂ" ಎಂದೆ.

"ಯಾರು ನಿಮ್ಮಪ್ಪ?"

"ಬಾದಾಮಿ ಬಸ್ಸಿನ ಕಂಡಕ್ಟರ್ ಸಿದ್ದಪ್ಪ."

"ಇವತ್ತ ಡೂಟಿ ಐತೇನು?"

ನಾಲ್ಕರ ಬಸ್ಸಿಗೆ ಬರುತ್ತಾನೆ ಎಂದೆ. ಲಕ್ಕವ್ವಜ್ಜಿ ಕೋಲು ಹಿಡಿದು ಎದ್ದಳು. "ನಡೀರಿ" ಎಂದಳು.

ಇಳಕಲ್ಲಿನ ಪೇಟೆ ಆ ದಿನ ನೋಡಿದ ಮೆರವಣಿಗೆಯನ್ನು ಬಹಳ ದಿನ ಮರೆತಿರಲಿಕ್ಕಿಲ್ಲ. ಮುಂದೆ ಕೋಲೂರುತ್ತ ಲಕ್ಕವ್ವಜ್ಜಿ, ಹಿಂದೆ ಬಿಳಿ ಅಂಗಿಯ ಹನಮಪ್ಪ, ಹೊಸ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ ಮಾಯವ್ವ, ನಾನು, ಕೊಡೆ ಮೇಲಕ್ಕೆ ತಿರುಗಿಸಿಕೊಂಡ ನೀಲತ್ತೆ, ಕಡೆಯಲ್ಲಿ ತಮಾಷೆ ಬಿಡಲಾರದ ಇಬ್ಬರು ಹಿರಿಯರು. ಹನಿ ಉದುರುತ್ತಿತ್ತು. ನನಗೆ ಭಯ ಬೇರೆಯೇ ಇತ್ತು. ಅಪ್ಪ ಇಲ್ಲೂ "ಮಕ್ಕಳ ಡಾಕ್ಟರಕಿಂತ ಸ್ವಲ್ಪ ಕಮ್ಮಿ" ಎಂದುಬಿಟ್ಟರೆ ಈ ಹುಡುಗಿಯ ಕತೆ ಅಲ್ಲಿಗೇ ಮುಗಿಯುತ್ತದೆ. ಇನ್ನೆಷ್ಟು ವರ್ಷ ಓದುತ್ತಿ ಎಂದು ಅವನೇ ಒಮ್ಮೆ ನನ್ನನ್ನು ಕೇಳಿದ್ದ.

ಬಸ್ಸು ಬಂತು. ತಂಗಿ, ಮಗಳು, ಗುರುತಿಲ್ಲದ ಇಷ್ಟು ಮಂದಿ ತನ್ನ ಬಸ್ಸಿಗೆ ಕಾಯುವುದನ್ನು ಕಂಡು ಅಪ್ಪನ ಮುಖದ ಬಣ್ಣ ಇಳಿಯಿತು. ಯಾರೋ ತೀರಿಕೊಂಡಿರಬೇಕು ಎಂದುಕೊಂಡನಂತೆ. ಲಕ್ಕವ್ವಜ್ಜಿ ಅವನಿಗೆ ಇಳಿಯಲಿಕ್ಕೂ ಬಿಡಲಿಲ್ಲ. ಬಾಗಿಲ ಕೆಳಗೆ ನಿಂತು ಕೇಳಿದಳು.

"ಸಿದ್ದಪ್ಪಾ, ಈಕಿ ನಿನ್ನ ಮಗಳೇನು?"

"ಹೌದಬೇ."

"ಲಗ್ನ ಮಾಡದs ಇಷ್ಟ ವರ್ಷ ಓದಸಾಕತ್ತಿಯಲ್ಲ, ಮಂದಿ ಮಾತಾಡಲಿಲ್ಲೇನು?"

ಅಪ್ಪ ನನ್ನ ಕಡೆ ನೋಡಿದ. ಮಾಯವ್ವನ ಸೀರೆ ನೋಡಿದ. ತಂಗಿಯ ತಗ್ಗಿದ ತಲೆ ನೋಡಿದ. ಹೆಣ್ಣುಮಕ್ಕಳನ್ನು ಬಸ್ಸಿನಲ್ಲಿ ದಿನಾ ನೋಡುವವನು, ಎಷ್ಟು ಅರ್ಥವಾಯಿತೋ ಏನೋ.

"ಭಾಳ ಮಾತಾಡಿದ್ರಬೇ" ಎಂದ. "ದಿನಾ ಈ ಬಸ್ಸಿನ್ಯಾಗs ಮಾತಾಡಿದ್ರು. ಬಾದಾಮ್ಯಾಗ ಹತ್ತಿದವರು ಗುಳೇದಗುಡ್ಡದ ತನಾ ಮಾತಾಡಿದ್ರು. ಗುಳೇದಗುಡ್ಡದಾಗ ಹತ್ತಿದವರು ಅಮೀನಗಡದ ತನಾ ಮಾತಾಡಿದ್ರು. ತಮ್ಮ ತಮ್ಮ ಸ್ಟಾಪ್ ಬಂದಕೂಡ್ಲೆ ಎಲ್ಲಾರೂ ಇಳದ ಹೋದ್ರು." ಚರ್ಮದ ಚೀಲವನ್ನು ಹೆಗಲಿಗೆ ಸರಿಪಡಿಸಿಕೊಂಡ. "ಮಗಳು ನನ್ನ ಜೋಡಿನs ಇದ್ಲು. ಆಕೀನ ನಡುದಾರ್ಯಾಗ ಎಲ್ಲಿ ಇಳಸ್ಲಿ?"

ಲಕ್ಕವ್ವಜ್ಜಿ ನನ್ನ ಕಡೆ ಕೋಲು ತೋರಿಸಿದಳು. "ಏನ ಓದತಾಳ ಈಕಿ?"

ನಾನು ನೀಲತ್ತೆಯ ಕೊಡೆಯ ಮರೆಗೆ ಸರಿದೆ.

"ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ" ಎಂದ ಅಪ್ಪ, ಸ್ಟಾಪುಗಳ ಹೆಸರು ಕೂಗುವ ಅದೇ ಗಟ್ಟಿ ದನಿಯಲ್ಲಿ, ಒಂದಕ್ಷರ ತಡವರಿಸದೆ.

"ಅಂದ್ರ?"

"ಅಂದ್ರ, ಮನ್ಯಾಗ ಯಾರ ಮಾತು ಯಾರೂ ಕೇಳವಲ್ರೋ, ಅವರ ಮಾತು ಕುಂತು ಕೇಳೂದು."

ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಹನಿ ಮಳೆಯ ಮೇಲೆ ಹಾಕಿ ಒರೆಸಿಕೊಂಡೆ. ಆ ಹೆಸರನ್ನು ಅವನು ಯಾವಾಗ ಬಾಯಿಪಾಠ ಮಾಡಿದನೋ ನನಗೆ ಇಂದಿಗೂ ಗೊತ್ತಿಲ್ಲ, ಕೇಳಿದರೆ ಹೇಳುವುದೂ ಇಲ್ಲ. ಡ್ರೈವರ್ ಹಾರ್ನು ಬಾರಿಸಿದ. ಬಸ್ಸು ಬೀಸುಗಾಳಿಯಲ್ಲಿ ಹಿಂದೆ ತಿರುಗಿ ಹೋಯಿತು.

ಮನೆಗೆ ಬಂದವಳೇ ಅಜ್ಜಿ ಕಂಬಳಿಯ ಮೇಲೆ ಕೂತಳು, ಮಾಯವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನ್ನ ಮನಸಿನ್ಯಾಗ ಏನೈತಿ, ಇದರ ಮ್ಯಾಲೆ ಕುಂತು ನೀನs ಹೇಳು" ಎಂದಳು.

ಮಾಯವ್ವ ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ನಿಲ್ಲಿಸದೆ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿ ಮಗನ ಕಡೆ ತಿರುಗಿದಳು. "ಕಾಲೇಜಿಗೆ ಈಕೀನ ಯಾರ ಕರಕೊಂಡ ಹೋಗವ್ರು?"

"ನಾ ನಾಳೆ ಸೂಟಿ ಹಾಕ್ತೇನಿ" ಎಂದ ಹನಮಪ್ಪ.

ನನ್ನ ಶಿರಾದ ತಾಟು ಇಟ್ಟ ಜಾಗದಲ್ಲೇ ಆರಿಹೋಗಿತ್ತು. ಈಗ ತಿನ್ನಬಹುದೇ ಎಂದು ಕೇಳಿದೆ. "ತಿನ್ನು, ಈಗ ಅದು ಬರೇ ಶಿರಾ" ಎಂದಳು ಲಕ್ಕವ್ವಜ್ಜಿ, ಮತ್ತು ಅಂದು ಮೊದಲ ಸಲ ನಕ್ಕಳು. ಅಷ್ಟು ರುಚಿಯ ತಣ್ಣನೆಯ ಶಿರಾ ನಾನು ಮತ್ತೆ ತಿಂದಿಲ್ಲ.

ಪಂಚಮಿಗೆ ಕರೆದರು, ಹೋದೆ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕಟ್ಟಿದವನು ಮಾಯವ್ವನ ಅದೇ ಮಾವ, ದೊಡ್ಡ ನಗುಮುಖದ ಮನುಷ್ಯ. ಅಕ್ಕನ ಮಾತಿಗೆ ಇಲ್ಲವೆನ್ನಲಾರದೆ ಅವನೂ ಒದ್ದಾಡುತ್ತಿದ್ದನಂತೆ, ಅವನನ್ನೂ ಯಾರೂ ಕೇಳಿರಲಿಲ್ಲ. ಮಾಯವ್ವ ಜೋಕಾಲಿಯ ಮೇಲೆ ನಿಂತು ಬೇವಿನ ತುದಿಯ ಎಲೆ ಕಚ್ಚಿಕೊಂಡು ಬಂದಳು. ನಾನು ಅಳ್ಳಿಟ್ಟು, ಎಳ್ಳುಂಡಿ ತಿಂದು, ಬಾಗಲಕೋಟೆಯಲ್ಲಿ ಹಾಸ್ಟೆಲಿನ ಸಾರನ್ನು ಹೇಗೆ ಸಹಿಸಬೇಕು ಎಂದು ಉಪದೇಶ ಮಾಡಿ ಬಂದೆ.

ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ನಕ್ಕರು. "ನೋಡು, ನೀ ಹೋಗಿ ಆ ಮನಿ ತೀರ್ಮಾನಾನs ಬದಲು ಮಾಡಿ ಬಂದಿ. ಅದನ್ನ ಅಧ್ಯಯನದಾಗ ಇಟ್ಕೊಳ್ಳಿಕ್ಕೆ ಬರೂದಿಲ್ಲ. ಕೆಟ್ಟತು" ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಕೆಡ್ಲಿ ಬಿಡು" ಎಂದರು. ಮರುವರ್ಷ ಇನ್ನೊಂದು ಮನೆಯನ್ನೂ ಕೈಬಿಡಬೇಕಾಗುತ್ತಿತ್ತು, ಪುಣ್ಯಕ್ಕೆ ಅಷ್ಟರಲ್ಲಿ ನನ್ನ ಪ್ರಬಂಧ ಮುಗಿದಿತ್ತು. ನೀಲತ್ತೆ ಸೋಲೊಪ್ಪುವವಳಲ್ಲ. ಹುನಗುಂದದ ಒಂದು ಮನೆಯಲ್ಲಿ ನಾನು ತಂಗಿಯನ್ನು ಪ್ರಶ್ನೆ ಕೇಳುತ್ತಿದ್ದಾಗ ಅವಳು ಅಕ್ಕನಿಗೆ ಕರುವಿನ ಫೋಟೋ ತೋರಿಸಿದ್ದಳು. ಆ ಅಕ್ಕ ಈಗ ಮಾಳಪ್ಪನ ಹೆಂಡತಿ, ನಮ್ಮತ್ತಿಗೆ. ತನ್ನದು ನನ್ನದಕ್ಕಿಂತ ಒಳ್ಳೆಯ ಸಂಶೋಧನೆ ಎಂದು ನೀಲತ್ತೆ ಇಂದಿಗೂ ಹೇಳುತ್ತಾಳೆ.

ಹೋದ ತಿಂಗಳು ನಮ್ಮ ಮನೆಗೆ ಎರಡನೇ ಸಲ ಬರಲಿದ್ದವಳು ಮಾಯವ್ವ. ಡಿಗ್ರಿ ಮುಗಿಸಿ, ಹಟ ಹಿಡಿದು ನನ್ನ ವಿಷಯವನ್ನೇ ತೆಗೆದುಕೊಂಡು, ಈಗ ನನ್ನ ಮೇಡಂ ಕೈಕೆಳಗೇ ಎಂ.ಎಸ್ಸಿ. ಓದುತ್ತಿದ್ದಾಳೆ. ನಿವೃತ್ತಿಯಾದ ಗಂಡಸರು ಮನೆಯಲ್ಲಿ ಹೇಗೆ ದಿನ ಕಳೆಯುತ್ತಾರೆ ಎಂಬುದು ಅವಳ ಪ್ರಬಂಧ. ಮೇಡಂ ನಿಯಮ ಬದಲಾಗಿಲ್ಲ. ಎರಡು ಸಲ ಹೋಗಬೇಕು, ಜೊತೆಗೆ ಹಿರಿಯ ಹೆಣ್ಣುಮಗಳು ಬೇಕು. ಅವಳು ಕರೆತಂದದ್ದು ಲಕ್ಕವ್ವಜ್ಜಿಯನ್ನು.

ನಿವೃತ್ತ ಕಂಡಕ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನಿಂದ ಕಾಯುತ್ತಿದ್ದ. ಮಾಯವ್ವ ಪೆನ್ನು ತೆಗೆದು, "ಕಾಕಾ, ಈಗ ಮನ್ಯಾಗ ತೀರ್ಮಾನ ಯಾರದ್ರಿ?" ಎಂದಳು. ಅಪ್ಪ ಅವ್ವನ ಕಡೆ ಬೆರಳು ಮಾಡಿದ. ಅವ್ವ ನನ್ನ ಕಡೆ ಮಾಡಿದಳು. ನಾನು ಲಕ್ಕವ್ವಜ್ಜಿಯ ಕಡೆ ಮಾಡಿದೆ. ಅವಳು ಮಾತ್ರ ಯಾರ ಕಡೆಯೂ ಮಾಡಲಿಲ್ಲ, ಮೊಮ್ಮಗಳು ಬರೆಯುವ ಕೈಯನ್ನೇ ನೋಡುತ್ತಿದ್ದಳು. ಅವ್ವ ಎಲ್ಲರಿಗೂ ಶಿರಾ ಕೊಟ್ಟಳು, ಬಿಸಿಯಾದದ್ದು.

"ಏನಬೇ" ಅಪ್ಪ ಮಾಯವ್ವನ ಕಡೆ ನೋಡಿ ಲಕ್ಕವ್ವಜ್ಜಿಯನ್ನು ಕೇಳಿದ. "ಈಕಿ ಸಲುವಾಗಿ ಮಂದಿ ಇನ್ನೂ ಮಾತಾಡಾಕತ್ತಾರೇನು?"

ಲಕ್ಕವ್ವಜ್ಜಿ ಒಂದು ತುತ್ತು ಶಿರಾ ಬಾಯಿಗಿಟ್ಟುಕೊಂಡು, ಅವಸರವಿಲ್ಲದೆ ನುಂಗಿ ಹೇಳಿದಳು.

"ಎಲ್ಲಾರೂ ಇಳದ್ರೋ ಸಿದ್ದಪ್ಪಾ. ನಾ ಒಬ್ಬಾಕಿ ಈಕಿ ಜೋಡಿ ಕೊನೀ ಸ್ಟಾಪಿನ ತನಾ ಟಿಕೆಟ್ ತಗೊಂಡೇನಿ."